ಬೆಣ್ಣೆದೋಸೆ ತಿಂದರೆ ಪಿಪಿ (ತಿಂದ ನಂತರದ ಶುಗರ್) ಕಮ್ಮಿ, ಇಡ್ಲಿ ತಿಂದರೆ ಜಾಸ್ತಿ. ಇದೇನು ಲೆಕ್ಕ?

ದಾವಣಗೆರೆ ಖಾಲಿದೋಸೆ · ಭಾನುವಾರ ಬೆಳಗ್ಗೆ 11:20

ಎಲ್ಲರಿಗೂ ನಮಸ್ಕಾರ. ನನಗೆ 54 ವಯಸ್ಸು. ಶುಗರ್ ಬಂದು ಆರು ವರ್ಷ ಆಯಿತು. ಮೆಟ್‌ಫಾರ್ಮಿನ್ ದಿನಕ್ಕೆ ಎರಡು. ಕಳೆದ ಸಲ ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಟೆಸ್ಟ್, 7.4 ಇತ್ತು.

ಮಗ ಹೊಸ ಗ್ಲುಕೋಮೀಟರ್ ಕೊಡಿಸಿದ್ದಾನೆ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಅನ್ನುತ್ತಾರಲ್ಲ, ಹಾಗೆ ಕಂಡ ಕಂಡ ಹೊತ್ತಿಗೆ ಬೆರಳು ಚುಚ್ಚಿಕೊಳ್ಳುತ್ತಿದ್ದೇನೆ. ಶುಕ್ರವಾರ ನಾಲ್ಕು ಇಡ್ಲಿ, ಚಟ್ನಿ. ಎರಡು ಗಂಟೆ ಬಿಟ್ಟು ನೋಡಿದರೆ 204. ಇವತ್ತು ಭಾನುವಾರ, ಮನಸ್ಸು ತಡೆಯಲಿಲ್ಲ. ಎರಡು ಬೆಣ್ಣೆದೋಸೆ, ಆಲೂಗಡ್ಡೆ ಪಲ್ಯ. ಬೆಣ್ಣೆ ನಮ್ಮೂರಿನ ಅಳತೆಯಲ್ಲೇ, ಅಂದರೆ ಬೆರಳಿನಿಂದ ಇಳಿಯುವಷ್ಟು. ಎರಡು ಗಂಟೆಗೆ 151!

ಮೀಟರ್ ಕೆಟ್ಟಿದೆ ಅಂದುಕೊಂಡು ಇನ್ನೊಂದು ಸ್ಟ್ರಿಪ್ ಹಾಕಿದೆ. 148.

ಅಂದರೆ ಇಷ್ಟು ವರ್ಷ ಹೆಂಡತಿ ಮಾತು ಕೇಳಿ ಒಣ ಇಡ್ಲಿ ತಿಂದಿದ್ದು ದಂಡವಾ? ಬೆಣ್ಣೆ ಶುಗರ್ ಇಳಿಸುತ್ತದೆಯಾ? ತಿಳಿದವರು ಹೇಳಿ.

ಮುದ್ದೆ ಮುರಿದವ · ಭಾನುವಾರ 11:42

ಅಣ್ಣ, ಇದು ನಮ್ಮ ಮಂಡ್ಯ ಕಡೆ ಹಳೇ ಸುದ್ದಿ. ಮುದ್ದೆಗೆ ತುಪ್ಪ ಹಾಕಿಕೊಂಡು ನುಂಗಿದರೆ ಶುಗರ್ ಏರಲ್ಲ ಅಂತ ನಮ್ಮ ತಾತ ಹೇಳುತ್ತಿದ್ದರು. ವಾಟ್ಸಾಪ್‌ನಲ್ಲೂ ಬಂದಿದೆ. ತುಪ್ಪ ಹಾಕಿದರೆ ಜಿಐ, ಅಂದರೆ ತಿಂದದ್ದು ಶುಗರ್ ಎಷ್ಟು ಏರಿಸುತ್ತೆ ಅನ್ನೋ ಅಂಕಿ, ಇಳಿಯುತ್ತಂತೆ. ನೀವು ಧೈರ್ಯವಾಗಿ ದೋಸೆ ಹೊಡೀರಿ.

ಜೋಳದ ರೊಟ್ಟಿ · ಭಾನುವಾರ 12:05

ನಿಮ್ಮ ತಾತ ಮುದ್ದೆ ನುಂಗಿ ಆಮೇಲೆ ಎಷ್ಟು ಎಕರೆ ಗದ್ದೆ ಉಳುತ್ತಿದ್ದರು ಅದನ್ನೂ ಹೇಳ್ರೀ. ತುಪ್ಪದ ಮಾತು ಮಾತ್ರ ನೆನಪಿಟ್ಟುಕೊಂಡರೆ ಹೆಂಗ?

ಮುದ್ದೆ ಮುರಿದವ · ಭಾನುವಾರ 12:09

ಗದ್ದೆ ಇತ್ತು, ಈಗ ಸೈಟ್ ಆಗಿದೆ. ಬಿಡಿ.

ಅಡುಗೆಮನೆ ಲೆಕ್ಕ · ಭಾನುವಾರ ಮಧ್ಯಾಹ್ನ 2:30

ಖಾಲಿದೋಸೆ ಸರ್, ನಾನು ಪಥ್ಯಾಹಾರದ ಕೆಲಸ ಮಾಡುವವಳು. ನಿಮ್ಮ ಮೀಟರ್ ಸರಿಯಾಗಿಯೇ ಇದೆ. 151, 148 ಎರಡೂ ಒಂದೇ ಅಂತ ಇಟ್ಟುಕೊಳ್ಳಿ. ಮನೆಯ ಮೀಟರ್‌ಗಳ ಐಎಸ್‌ಒ ಮಾನದಂಡದ ಪ್ರಕಾರ 100ರ ಮೇಲಿನ ಓದಿಗೆ ಶೇ 15ರಷ್ಟು ಹಿಂದೆ ಮುಂದೆ ಆದರೂ ಪಾಸ್. ತಪ್ಪಿದ್ದು ಮೀಟರ್ ಅಲ್ಲ, ನೀವು ನೋಡಿದ ಹೊತ್ತು.

ನಮ್ಮ ಕಡೆ ಕೆರೆಗೆ ತೂಬು ಇರುತ್ತದಲ್ಲ. ಹೊಟ್ಟೆ ಆ ಕೆರೆ. ಇಡ್ಲಿ ಅಂದರೆ ಹಿಟ್ಟು ನುಣ್ಣಗೆ ರುಬ್ಬಿ, ಹುದುಗಿಸಿ, ಆವಿಯಲ್ಲಿ ಬೇಯಿಸಿದ ಪಿಷ್ಟ. ಜಿಡ್ಡು ಇಲ್ಲವೇ ಇಲ್ಲ ಅನ್ನಬಹುದು. ತೂಬು ಪೂರ್ತಿ ತೆಗೆದ ಹಾಗೆ ಸಣ್ಣ ಕರುಳಿಗೆ ಇಳಿದು, ಸಕ್ಕರೆಯಾಗಿ ರಕ್ತ ಸೇರುತ್ತದೆ. ಒಂದು ಗಂಟೆಯ ಆಸುಪಾಸಿನಲ್ಲಿ ಏರಿ, ಆಮೇಲೆ ಇಳಿಯಲು ಶುರು.

ಜಿಡ್ಡು ಸೇರಿದರೆ ಬೇರೆ ಆಟ. ಕೊಬ್ಬು ಸಣ್ಣ ಕರುಳಿಗೆ ತಾಕಿದ ಕೂಡಲೇ ಅಲ್ಲಿಂದ ಕೆಲವು ಹಾರ್ಮೋನುಗಳು ಹೊರಡುತ್ತವೆ. ಸಿಸಿಕೆ, ಜಿಎಲ್‌ಪಿ-1 ಅಂತ ಹೆಸರು. ಅವು ಹೊಟ್ಟೆಗೆ "ಸ್ವಲ್ಪ ತಡಿ, ಇಲ್ಲಿ ಕೆಲಸ ಇದೆ" ಅನ್ನುತ್ತವೆ. ತೂಬು ಅರ್ಧ ಮುಚ್ಚುತ್ತದೆ. ಹಾಗಾಗಿ ಎರಡು ಗಂಟೆಗೆ ನಿಮಗೆ ಕಂಡದ್ದು 151. ಆದರೆ ಕೆರೆಯ ನೀರು ಕಮ್ಮಿ ಆಗಿಲ್ಲ. ಹರಿಯುವುದು ತಡ ಆಗಿದೆ, ಅಷ್ಟೇ.

ಒಂದು ಕೆಲಸ ಮಾಡಿ. ಮುಂದಿನ ಸಲ ಮೂರು, ನಾಲ್ಕು, ಐದು ಗಂಟೆಗೂ ನೋಡಿ. ಹೊತ್ತು ಎಣಿಸುವುದು ಮೊದಲ ತುತ್ತಿನಿಂದ, ಕೈ ತೊಳೆದಾಗಿನಿಂದ ಅಲ್ಲ.

ದಾವಣಗೆರೆ ಖಾಲಿದೋಸೆ · ಭಾನುವಾರ 3:02

ಮೇಡಂ, ಇದೇನು ಸಂತೋಷ ಕೊಟ್ಟು ಕಿತ್ತುಕೊಂಡ ಹಾಗಾಯಿತು. ಇಷ್ಟು ದಿನ ಕೈ ತೊಳೆದಾಗಿನಿಂದಲೇ ಎಣಿಸುತ್ತಿದ್ದೆ. ನಾನು ರಕ್ತ ಕೊಡುವ ಲ್ಯಾಬ್‌ನಲ್ಲೂ "ತಿಂಡಿ ಮುಗಿಸಿ ಎರಡು ಗಂಟೆ ಬಿಟ್ಟು ಬನ್ನಿ" ಅಂತಲೇ ಹೇಳುತ್ತಾರೆ. ತಿಂಡಿಗೆ ಏನು ತಿಂದೆ ಅಂತ ಒಂದು ದಿನವೂ ಕೇಳಿಲ್ಲ.

ಕುಚ್ಚಲಕ್ಕಿ ಗಂಜಿ · ಭಾನುವಾರ 4:15

ಅಡುಗೆಮನೆ ಅಕ್ಕ, ಒಂದು ಸಂಶಯ. ಅನ್ನ ಬೇಯಿಸುವಾಗ ತೆಂಗಿನೆಣ್ಣೆ ಹಾಕಿ, ಫ್ರಿಜ್‌ನಲ್ಲಿಟ್ಟು, ಮತ್ತೆ ಬಿಸಿ ಮಾಡಿ ತಿಂದರೆ ಅರ್ಧ ಕ್ಯಾಲೊರಿ ಮಾಯ ಅಂತ ಮೆಸೇಜ್ ಬರುತ್ತಲೇ ಇರುತ್ತದೆ. ನಮ್ಮ ಮಂಗಳೂರಲ್ಲಿ ತೆಂಗಿನೆಣ್ಣೆಗೆ ಬರವಿಲ್ಲ. ಮಾಡಬಹುದಾ?

ಅಡುಗೆಮನೆ ಲೆಕ್ಕ · ಭಾನುವಾರ 5:10

ಆ ಮೆಸೇಜ್‌ಗೆ ಮೂಲ ಇದೆ. 2015ರಲ್ಲಿ ಶ್ರೀಲಂಕಾದ ರಸಾಯನಶಾಸ್ತ್ರ ವಿದ್ಯಾರ್ಥಿಯೊಬ್ಬರು ಅಮೆರಿಕನ್ ಕೆಮಿಕಲ್ ಸೊಸೈಟಿಯ ಸಭೆಯಲ್ಲಿ ಹೇಳಿದ್ದು. ಕುದಿಯುವ ನೀರಿಗೆ ಅಕ್ಕಿಯ ತೂಕದ ಶೇ 3ರಷ್ಟು ತೆಂಗಿನೆಣ್ಣೆ ಹಾಕಿ ಅನ್ನ ಮಾಡಿ, 12 ಗಂಟೆ ತಣ್ಣಗಿಡುವುದು. ಎಣ್ಣೆ ಪಿಷ್ಟದ ಒಳಗೆ ಸೇರಿಕೊಂಡು, ಜೀರ್ಣರಸಕ್ಕೆ ಸುಲಭವಾಗಿ ಸಿಗದ ರೂಪ ಬರುತ್ತದೆ. ಇದಕ್ಕೆ ಜೀರ್ಣವಾಗದ ಪಿಷ್ಟ ಅನ್ನುತ್ತಾರೆ. ಅರ್ಧ ಕ್ಯಾಲೊರಿ ಅನ್ನುವುದು "ಒಳ್ಳೆಯ ತಳಿ ಸಿಕ್ಕರೆ ಆಗಬಹುದು" ಅನ್ನುವ ಅಂದಾಜು. ಪ್ರಯೋಗ ನಡೆದದ್ದು ಲ್ಯಾಬ್‌ನಲ್ಲಿ, ಮನುಷ್ಯರಿಗೆ ಉಣಿಸಿ ಅಲ್ಲ. ವಾಟ್ಸಾಪ್‌ಗೆ ಬರುವ ಹೊತ್ತಿಗೆ "ಆಗಬಹುದು" ಹೋಗಿ "ಆಗುತ್ತದೆ" ಉಳಿಯಿತು.

ಎಣ್ಣೆ ಇಲ್ಲದೆ ಬರೀ ತಣಿಸಿದರೂ ಸ್ವಲ್ಪ ಲಾಭ ಇದೆ. ಇಂಡೊನೇಷ್ಯಾದಲ್ಲಿ ಅದೇ 2015ರಲ್ಲಿ ಅಳೆದಿದ್ದರು. ಬಿಸಿ ಅನ್ನದಲ್ಲಿ 100 ಗ್ರಾಮಿಗೆ ಜೀರ್ಣವಾಗದ ಪಿಷ್ಟ 0.64 ಗ್ರಾಮ್. 4 ಡಿಗ್ರಿಯಲ್ಲಿ 24 ಗಂಟೆ ಇಟ್ಟು ಮತ್ತೆ ಬಿಸಿ ಮಾಡಿದಾಗ 1.65 ಗ್ರಾಮ್. 15 ಜನ ಆರೋಗ್ಯವಂತರಿಗೆ ತಿನ್ನಿಸಿ ನೋಡಿದಾಗ ಶುಗರ್ ಏರಿದ್ದೂ ಕಮ್ಮಿಯೇ. ಆದರೆ ಅಂಕಿ ನೋಡಿ. ಎರಡೂವರೆ ಪಟ್ಟು ಅಂದರೂ ಹೆಚ್ಚಿದ್ದು ಒಂದು ಗ್ರಾಮ್. ತಟ್ಟೆಯಲ್ಲಿ ಉಳಿದ ಪಿಷ್ಟ ಪಿಷ್ಟವೇ.

ಮತ್ತೆ ಒಂದು ಎಚ್ಚರಿಕೆ. ತಂಗಳನ್ನ ಅಂತ ರಾತ್ರಿಯಿಡೀ ಒಲೆ ಪಕ್ಕ ಬಿಡಬೇಡಿ. ಅನ್ನದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾದ ವಿಷ ಬಿಸಿ ಮಾಡಿದರೂ ಹೋಗುವುದಿಲ್ಲ. ಬೇಗ ಆರಿಸಿ ಫ್ರಿಜ್‌ಗೆ ಸೇರಿಸಿ.

ಕುಚ್ಚಲಕ್ಕಿ ಗಂಜಿ · ಭಾನುವಾರ 5:31

ಒಂದು ಗ್ರಾಮಿಗೆ ಇಷ್ಟು ಸರ್ಕಸ್ಸಾ. ಅದಕ್ಕಿಂತ ಒಂದು ಸೌಟು ಅನ್ನ ಕಮ್ಮಿ ಬಡಿಸಿಕೊಳ್ಳುವುದು ಸಸಾರ ಅಲ್ವಾ?

ಅಡುಗೆಮನೆ ಲೆಕ್ಕ · ಭಾನುವಾರ 5:33

ನೀವು ನನ್ನ ಕೆಲಸಕ್ಕೇ ಕೈ ಹಾಕುತ್ತಿದ್ದೀರಿ.

ಟೈಪ್ ಒನ್ ಮಗಳ ಅಮ್ಮ · ಭಾನುವಾರ ರಾತ್ರಿ 10:48

ಈ ತೂಬಿನ ಕಥೆ ನಮ್ಮ ಮನೆಯಲ್ಲಿ ಬರೀ ಕಥೆ ಅಲ್ಲ. ಬರೆಯಲೇಬೇಕು ಅನ್ನಿಸಿತು.

ಮಗಳಿಗೆ ಹನ್ನೊಂದು. ಟೈಪ್ ಒನ್, ಅಂದರೆ ಮೈಯಲ್ಲಿ ಇನ್ಸುಲಿನ್ ತಯಾರಾಗದ ಶುಗರ್. ಏಳನೇ ವಯಸ್ಸಿನಿಂದ ಇನ್ಸುಲಿನ್ ಚುಚ್ಚುತ್ತೇವೆ. ಹೋದ ವರ್ಷ ಗೆಳತಿಯ ಹುಟ್ಟುಹಬ್ಬ. ಪಿಜ್ಜಾ, ಆಲೂ ಚಿಪ್ಸ್, ಕೇಕ್. ನಾನು ಪಿಷ್ಟ ಲೆಕ್ಕ ಹಾಕಿ ಊಟಕ್ಕೆ ಮೊದಲೇ ಪೂರ್ತಿ ಡೋಸ್ ಕೊಟ್ಟೆ. ಎಂಟೂವರೆಗೆ ಊಟ. ಒಂಬತ್ತೂವರೆಗೆ ಕೈ ನಡುಗುತ್ತಿದೆ ಅಂದಳು. ನೋಡಿದರೆ 64. ಇನ್ಸುಲಿನ್ ಬಂದು ಕೂತಿದೆ, ಊಟ ಇನ್ನೂ ಹೊಟ್ಟೆಯಲ್ಲೇ ಇದೆ! ಅಲ್ಲಿದ್ದವರು ಪಾಪ ಒಳ್ಳೆ ಮನಸ್ಸಿಂದ ಚಾಕೊಲೇಟ್ ಕೊಟ್ಟರು. ಹದಿನೈದು ನಿಮಿಷ ಕಳೆದರೂ ಏರಲಿಲ್ಲ. ಚಾಕೊಲೇಟ್‌ನಲ್ಲೂ ಕೊಬ್ಬು, ಅದೂ ನಿಧಾನವೇ. ಆಮೇಲೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿದೆ. ಏರಿತು.

ಹನ್ನೊಂದಕ್ಕೆ 118. ಸಮಾಧಾನದಿಂದ ಮಲಗಿಸಿದೆ. ಬೆಳಗಿನ ಜಾವ ಮೂರಕ್ಕೆ ಎದ್ದು ನೋಡಿದರೆ 302.

ಒಂದೇ ಊಟ, ಮೊದಲು ಲೋ, ಆಮೇಲೆ ಹೈ. ಅಂದಿನಿಂದ ಜಿಡ್ಡಿನ ಊಟ ಅಂದರೆ ನನಗೆ ಅಲಾರಂ ಇಟ್ಟುಕೊಂಡು ಮಲಗುವ ರಾತ್ರಿ. ಈಗ ಡಾಕ್ಟರ್ ಹೇಳಿದ ಹಾಗೆ ಅಂಥ ಊಟಕ್ಕೆ ಡೋಸ್ ಎರಡು ಪಾಲು ಮಾಡಿ ಕೊಡುತ್ತೇವೆ. ಇದನ್ನು ಓದಿ ಯಾರೂ ನೀವೇ ಪಾಲು ಮಾಡಲು ಹೋಗಬೇಡಿ. ನಮಗೆ ಅದು ಹದಕ್ಕೆ ಬರಲು ಎಂಟು ತಿಂಗಳು ಹಿಡಿಯಿತು, ಪ್ರತಿ ಸಲ ಅವರನ್ನೇ ಕೇಳಿಕೊಂಡು.

ಲೋ ಆದಾಗ ಮಾತ್ರ ಮೈಸೂರುಪಾಕ್, ಲಾಡು, ಚಾಕೊಲೇಟ್ ಬೇಡ. ಬರೀ ಸಕ್ಕರೆ ಅಥವಾ ಗ್ಲುಕೋಸ್ ಪುಡಿ, 15 ಗ್ರಾಮ್. ಹದಿನೈದು ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡಿ.

ಮುದ್ದೆ ಮುರಿದವ · ಭಾನುವಾರ 11:05

ಅಕ್ಕ, ಇದು ಗೊತ್ತಿರಲಿಲ್ಲ. ನಮ್ಮ ಮಾವನ ಜೇಬಲ್ಲಿ ಲೋ ಶುಗರ್‌ಗೆ ಅಂತ ಯಾವಾಗಲೂ ಚಾಕೊಲೇಟ್ ಇರುತ್ತೆ. ನಾನೇ ಕೊಡಿಸಿದ್ದು. ನಾಳೆಯೇ ಬದಲಾಯಿಸುತ್ತೇನೆ.

ಮ್ಯೂನಿಕ್ ಮನೆ · ಸೋಮವಾರ 1:12

ಇಲ್ಲಿ ರಾತ್ರಿ, ನಿದ್ದೆ ಬರುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನನಗೂ ಟೈಪ್ ಒನ್. ತೋಳಿಗೆ ಅಂಟಿಸುವ ಸೆನ್ಸರ್ ಇದೆ, ಹಾಗಾಗಿ ಇಡೀ ರಾತ್ರಿಯ ಗೆರೆ ಕಾಣುತ್ತದೆ. ಮೇಲೆ ಆ ಮಗಳ ಅಮ್ಮ ಹೇಳಿದ್ದು ಅಕ್ಷರಕ್ಷರ ನಿಜ. ಬರೀ ಬ್ರೆಡ್ ತಿಂದರೆ ಗೆರೆ ಗುಡ್ಡದ ಹಾಗೆ ಚೂಪಾಗಿ ಏರಿ ಇಳಿಯುತ್ತದೆ. ಚೀಸ್ ಹಾಕಿದ ನೂಡಲ್ ತಿಂದರೆ ನಮ್ಮ ಚಿತ್ರದುರ್ಗದ ಬಯಲಿನ ಹಾಗೆ. ಅಷ್ಟೇನೂ ಎತ್ತರ ಇಲ್ಲ, ಆದರೆ ಮುಗಿಯುವುದೇ ಇಲ್ಲ.

ಈ ಬಗ್ಗೆ ಬಾಸ್ಟನ್ನಿನಲ್ಲಿ 2013ರಲ್ಲಿ ಒಂದು ಪ್ರಯೋಗ ಆಗಿದೆ. ಟೈಪ್ ಒನ್ ಇರುವ ಏಳು ಜನ. ರಾತ್ರಿ ಊಟದಲ್ಲಿ ಪಿಷ್ಟ ಅಷ್ಟೇ, ಒಂದು ದಿನ ಕೊಬ್ಬು 10 ಗ್ರಾಮ್, ಇನ್ನೊಂದು ದಿನ 60 ಗ್ರಾಮ್. ಕೊಬ್ಬು ಜಾಸ್ತಿ ಇದ್ದ ರಾತ್ರಿ ಸರಾಸರಿ 9 ಯೂನಿಟ್ ಬದಲು 12.6 ಯೂನಿಟ್ ಇನ್ಸುಲಿನ್ ಬೇಕಾಯಿತು. ಅಷ್ಟು ಕೊಟ್ಟರೂ ಶುಗರ್ ಜಾಸ್ತಿಯೇ ಇತ್ತು.

ಅಂದರೆ ತಡ ಆಗುವುದು ಮಾತ್ರ ಅಲ್ಲ. ಇನ್ಸುಲಿನ್ನೇ ಸರಿಯಾಗಿ ನಾಟುವುದಿಲ್ಲ. ಇದನ್ನು ತೂಬಿನ ಲೆಕ್ಕದಲ್ಲಿ ಹೇಗೆ ಹೇಳುತ್ತೀರಿ ಅಕ್ಕ?

ಅಡುಗೆಮನೆ ಲೆಕ್ಕ · ಸೋಮವಾರ ಬೆಳಗ್ಗೆ 8:20

ಕಾಲುವೆಯಲ್ಲಿ ಹೂಳು ಅನ್ನಿ. ಊಟದ ಜಿಡ್ಡು ಕೆಲವು ಗಂಟೆ ಬಿಟ್ಟು ರಕ್ತಕ್ಕೆ ಬರುತ್ತದೆ. ರಕ್ತದಲ್ಲಿ ಕೊಬ್ಬಿನ ಆಮ್ಲ ಜಾಸ್ತಿ ಇದ್ದಾಗ ಸ್ನಾಯುಗಳು ಸಕ್ಕರೆಯನ್ನು ಬೇಗ ಎಳೆದುಕೊಳ್ಳುವುದಿಲ್ಲ. ಯಕೃತ್ತು, ಅದೇ ಲಿವರ್, ತಾನು ಬಿಡುವ ಸಕ್ಕರೆಯನ್ನೂ ನಿಲ್ಲಿಸುವುದಿಲ್ಲ. ತೂಬು ತಡವಾಗಿ ತೆಗೆಯಿತು, ಆ ಹೊತ್ತಿಗೆ ಕಾಲುವೆಯಲ್ಲಿ ಹೂಳು ತುಂಬಿತು. ನೀರು ದಡದಲ್ಲೇ ನಿಲ್ಲುತ್ತದೆ.

ಡಯಾಬಿಟಿಸ್ ಇಲ್ಲದವರಲ್ಲಿ ಇದು ಹೊರಗೆ ಕಾಣುವುದಿಲ್ಲ. ಆಸ್ಟ್ರೇಲಿಯಾದಲ್ಲಿ 1980ರ ದಶಕದಲ್ಲೇ ಆರೋಗ್ಯವಂತರಿಗೆ ಆಲೂಗಡ್ಡೆ ಒಮ್ಮೆ ಬರಿದೇ, ಒಮ್ಮೆ ಬೆಣ್ಣೆ ಹಾಕಿ ಕೊಟ್ಟು ನೋಡಿದ್ದಾರೆ. ಬೆಣ್ಣೆ ಹಾಕಿದಾಗ ಶುಗರ್ ಏರಿದ್ದು ಕಮ್ಮಿ, ಖಾಲಿದೋಸೆ ಸರ್‌ಗೆ ಕಂಡ ಹಾಗೆಯೇ. ಆದರೆ ಇನ್ಸುಲಿನ್ ಮಾತ್ರ ಆ ಪ್ರಮಾಣದಲ್ಲಿ ಇಳಿಯಲಿಲ್ಲ. ಕಮ್ಮಿ ಸಕ್ಕರೆಗೆ ಅಷ್ಟೇ ಇನ್ಸುಲಿನ್. "ತುಪ್ಪ ಹಾಕಿದರೆ ಜಿಐ ಇಳಿಯುತ್ತದೆ" ಅನ್ನುವುದು ಸುಳ್ಳಲ್ಲ, ಅರ್ಧ. ಜಿಐ ಲೆಕ್ಕ ಮಾಡುವುದೇ ಸಾಮಾನ್ಯವಾಗಿ ಮೊದಲ ಎರಡು ಗಂಟೆಯ ಶುಗರ್ ಮೇಲೆ. ಮೂರನೇ ಗಂಟೆ ಅಲ್ಲಿ ಬರುವುದೇ ಇಲ್ಲ.

ಮುದ್ದೆ ಮುರಿದವ · ಸೋಮವಾರ 8:41

ಹೂಳು, ತೂಬು, ದಡ. ಮೇಡಂ ನೀರಾವರಿ ಇಲಾಖೆಯಲ್ಲಿ ಇರಬೇಕಿತ್ತು. ನಮ್ಮ ಕಡೆ ನಾಲೆಗೆ ನೀರೂ ಬರುತ್ತಿತ್ತು.

ಹಂಗಾದರೆ ಮುದ್ದೆಗೆ ತುಪ್ಪ ಹಾಕಬಾರದಾ?

ಅಡುಗೆಮನೆ ಲೆಕ್ಕ · ಸೋಮವಾರ 9:15

ಒಂದು ಟೀ ಚಮಚ ಹಾಕಿ, ಬಿಸಿ ಮುದ್ದೆಗೆ ಅಷ್ಟು ಬೇಕು. 5 ಗ್ರಾಮ್, 45 ಕ್ಯಾಲೊರಿ. ಅದರಿಂದ ಶುಗರ್ ಇಳಿಯುವುದೂ ಇಲ್ಲ, ಆಕಾಶ ಬೀಳುವುದೂ ಇಲ್ಲ. ರುಚಿಗೆ ಹಾಕಿಕೊಳ್ಳಿ, ಔಷಧಿ ಅಂತ ಬೇಡ. "ತುಪ್ಪ ಇದೆಯಲ್ಲ" ಅಂತ ಎರಡನೇ ಮುದ್ದೆ ಮುರಿಯುವುದೇ ತೊಂದರೆ.

ರಾಗಿ ಅಂದರೆ ಶುಗರ್ ಇಲ್ಲ ಅನ್ನುವ ನಂಬಿಕೆಯೂ ಸ್ವಲ್ಪ ಸಡಿಲ ಆಗಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಲ್ಲಿ 100 ಗ್ರಾಮ್ ಅಕ್ಕಿಗೆ ಪಿಷ್ಟ ಮತ್ತು ಸಕ್ಕರೆ ಸೇರಿ 78 ಗ್ರಾಮ್, ಜೋಳಕ್ಕೆ 68, ರಾಗಿಗೆ 67. ರಾಗಿಯಲ್ಲಿ ನಾರು ಜಾಸ್ತಿ, ಸುಣ್ಣ, ಅದೇ ಕ್ಯಾಲ್ಸಿಯಂ, ಅಂತೂ 364 ಮಿಲಿಗ್ರಾಮ್. ಆದರೆ ನುಣ್ಣಗೆ ಬೀಸಿ, ಚೆನ್ನಾಗಿ ಬೇಯಿಸಿ, ಅಗಿಯದೆ ನುಂಗುವ ಪದಾರ್ಥ. ಜೀರ್ಣ ಆಗಲು ಅದಕ್ಕೆ ತಡ ಬೇಕಿಲ್ಲ. ಮುದ್ದೆಯನ್ನು ಉಳಿಸುವುದು ಜೊತೆಗಿರುವ ಬಸ್ಸಾರು, ಉಪ್ಸಾರಿನ ಕಾಳು ಮತ್ತು ಸೊಪ್ಪು.

ಜೋಳದ ರೊಟ್ಟಿ · ಸೋಮವಾರ 9:50

68 ಅಂತ ನಮ್ಮ ಜೋಳಕ್ಕೂ ಬರೆದಿರಲ್ಲ, ಬೇಜಾರಾತು. ಆದರ ಮಾತು ಖರೆ. ನಮ್ಮ ಮನೆಯಲ್ಲಿ ಎರಡು ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು ಉಂಡಾಗ 150 ದಾಟೂದಿಲ್ಲ. ಅದೇ ನಾಲ್ಕು ರೊಟ್ಟಿ, ಶೇಂಗಾ ಚಟ್ನಿಗೆ ಎಣ್ಣಿ ಸುರಕೊಂಡು ಉಂಡ ದಿನ ರಾತ್ರಿ ಏನೂ ಕಾಣೂದಿಲ್ಲ, ಮುಂಜಾನೆ ಫಾಸ್ಟಿಂಗ್ 160. ಇಷ್ಟು ದಿನ ಅದು ಗುಳಿಗೆ ತಪ್ಪು ಅಂತ ತಿಳಿದಿದ್ದೆ.

ಕುಚ್ಚಲಕ್ಕಿ ಗಂಜಿ · ಸೋಮವಾರ 10:22

ಬಿಳಿ ಅನ್ನದ ಬಗ್ಗೆ ಯಾರೂ ಹೇಳಲಿಲ್ಲ. ಸೋನಾ ಮಸೂರಿ ಒಳ್ಳೆಯದು ಅಂತ ಬೆಂಗಳೂರಿನ ಅಕ್ಕನ ವಾದ.

ಅಡುಗೆಮನೆ ಲೆಕ್ಕ · ಸೋಮವಾರ 11:00

ಚೆನ್ನೈನಲ್ಲಿ ಇವುಗಳ ಜಿಐ ಅಳೆದಿದ್ದಾರೆ. ಸೋನಾ ಮಸೂರಿ 72, ಪೊನ್ನಿ 70, ಸೂರ್ತಿ ಕೋಲಂ 77. 70 ಮುಟ್ಟಿದರೆ ಹೆಚ್ಚಿನ ಜಿಐ. ಅಕ್ಕನಿಗೆ ನಿಧಾನವಾಗಿ ಹೇಳಿ. ಕುಚ್ಚಲಕ್ಕಿ ಭತ್ತದಲ್ಲೇ ಬೆಂದು ಒಣಗುವುದರಿಂದ ಸ್ವಲ್ಪ ನಿಧಾನ, ಆದರೆ ಗಂಜಿ ಮಾಡಿ ಮೂರು ಬಟ್ಟಲು ಕುಡಿದರೆ ಆ ಲಾಭವೂ ಗಂಜಿಯಲ್ಲೇ ಹೋಯಿತು.

ನಿಜವಾಗಿ ಕೆಲಸ ಮಾಡುವುದು ಬೇರೆ ಇದೆ, ಖರ್ಚೂ ಇಲ್ಲ. ಊಟದ ಕ್ರಮ. ನ್ಯೂಯಾರ್ಕಿನಲ್ಲಿ 2015ರಲ್ಲಿ ಟೈಪ್ ಟೂ, ಅಂದರೆ ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಶುಗರ್, ಇರುವ 11 ಜನರಿಗೆ ಅದೇ ಊಟವನ್ನು ಎರಡು ರೀತಿ ಕೊಟ್ಟರು. ಮೊದಲು ತರಕಾರಿ, ಪ್ರೋಟೀನ್ ತಿಂದು ಕೊನೆಗೆ ಬ್ರೆಡ್ ತಿಂದ ದಿನ ಒಂದು ಗಂಟೆಯ ಶುಗರ್ ಶೇ 37ರಷ್ಟು ಕಮ್ಮಿ. ನಮ್ಮ ಬಾಳೆಎಲೆಯಲ್ಲಿ ಕೋಸಂಬರಿ, ಪಲ್ಯ ಮೊದಲೇ ಬಡಿಸುತ್ತಾರೆ. ನಾವು ಅದನ್ನು ಅಲಂಕಾರಕ್ಕೆ ಬಿಟ್ಟು ಅನ್ನಕ್ಕೆ ಕಾಯುತ್ತೇವೆ.

ಇನ್ನೊಂದು, ಊಟ ಆದ ಮೇಲೆ ಹತ್ತು ನಿಮಿಷ ನಡಿಗೆ. ನ್ಯೂಜಿಲೆಂಡಿನಲ್ಲಿ 2016ರಲ್ಲಿ ನೋಡಿದಾಗ, ದಿನಕ್ಕೊಮ್ಮೆ ಅರ್ಧ ಗಂಟೆ ನಡೆಯುವುದಕ್ಕಿಂತ ಪ್ರತಿ ಊಟದ ನಂತರ ಹತ್ತು ಹತ್ತು ನಿಮಿಷ ನಡೆದವರಲ್ಲಿ ಊಟದ ನಂತರದ ಶುಗರ್ ಶೇ 12ರಷ್ಟು ಕಮ್ಮಿ ಇತ್ತು. ರಾತ್ರಿ ಊಟದ ನಂತರದ ನಡಿಗೆಗೇ ಲಾಭ ಹೆಚ್ಚು.

ದಾವಣಗೆರೆ ಖಾಲಿದೋಸೆ · ಎರಡು ವಾರದ ನಂತರ, ಭಾನುವಾರ ಸಂಜೆ 6:15

ಎಲ್ಲಿ ಹೋದ ಅಂದುಕೊಂಡಿರಬಹುದು. ಸ್ಟ್ರಿಪ್ ಖಾಲಿ ಮಾಡುತ್ತಿದ್ದೆ. ಒಂದು ಡಬ್ಬಿ, 50 ಸ್ಟ್ರಿಪ್. ಮಗ ಬಿಲ್ ನೋಡಿ "ಅಪ್ಪ, ಇದಕ್ಕಿಂತ ದೋಸೆ ಅಗ್ಗ" ಅಂದ.

ಲೆಕ್ಕ ಇಲ್ಲಿದೆ. ಮೊದಲ ತುತ್ತಿನಿಂದ ಎಣಿಸಿದ್ದು.

ಇಡ್ಲಿ ನಾಲ್ಕು: ಒಂದು ಗಂಟೆಗೆ 221, ಎರಡಕ್ಕೆ 198, ಮೂರಕ್ಕೆ 149, ನಾಲ್ಕಕ್ಕೆ 121.

ಬೆಣ್ಣೆದೋಸೆ ಎರಡು, ಆಲೂಗಡ್ಡೆ ಪಲ್ಯ: ಒಂದು ಗಂಟೆಗೆ 139, ಎರಡಕ್ಕೆ 154, ಮೂರಕ್ಕೆ 187, ನಾಲ್ಕಕ್ಕೆ 192, ಐದಕ್ಕೆ 168.

ಎಂಟಕ್ಕೆ ತಿಂಡಿ, ಒಂದಕ್ಕೆ ಊಟ ನಮ್ಮಲ್ಲಿ. ಅಂದರೆ ಮಧ್ಯಾಹ್ನ ತಟ್ಟೆ ಮುಂದೆ ಕೂರುವಾಗಲೇ 168. ಅದರ ಮೇಲೆ ಅನ್ನ ಸಾರು ಉಂಡರೆ ಎರಡು ಗಂಟೆಗೆ 236 ಬಂತು. ನಾನು ಅನ್ನವನ್ನು ಬೈಯುತ್ತಿದ್ದೆ. ಅದರಲ್ಲಿ ಅರ್ಧ ಬೆಳಗಿನ ದೋಸೆಯದೇ ಬಾಕಿ.

ಮತ್ತೊಂದು ವಿಷಯ ಹೊಳೆದದ್ದು ನಾಚಿಕೆ ಬಿಟ್ಟು ಹೇಳುತ್ತೇನೆ. ಇಡ್ಲಿಯನ್ನೂ ಸುಮ್ನೆ ದೂರುತ್ತಿದ್ದೆ. ಮೂರನೇ ಪ್ರಯೋಗ: ಇಡ್ಲಿ ಎರಡೇ, ಗಟ್ಟಿ ಸಾಂಬಾರು ಎರಡು ಬಟ್ಟಲು, ಮೊದಲು ಒಂದು ಬಟ್ಟಲು ಹೆಸರುಕಾಳಿನ ಉಸಲಿ. ತಿಂದು ಹತ್ತು ನಿಮಿಷ ನಮ್ಮ ಬೀದಿಯಲ್ಲೇ ಎರಡು ಸುತ್ತು. ಒಂದು ಗಂಟೆಗೆ 158, ಎರಡಕ್ಕೆ 137. ಬೆಣ್ಣೆ ಇಲ್ಲದೆ.

ಡಾಕ್ಟರಿಗೆ ಕಾಗದ ತೋರಿಸಿದೆ. ಅವರು ಪೂರ್ತಿ ಓದಿದರು, ಅದೇ ನನಗೆ ಆಶ್ಚರ್ಯ. ಮಾತ್ರೆ ಬದಲಿಸಲಿಲ್ಲ. ಮೂರು ತಿಂಗಳು ಬಿಟ್ಟು ಎಚ್‌ಬಿಎ1ಸಿ ನೋಡೋಣ ಅಂದರು.

ಟೈಪ್ ಒನ್ ಮಗಳ ಅಮ್ಮ · ಭಾನುವಾರ 6:40

ಸರ್, ಇಷ್ಟು ಅಚ್ಚುಕಟ್ಟಾದ ಪಟ್ಟಿ ನಾನೂ ಮಾಡಿಲ್ಲ. ಬೆರಳು ಹೇಗಿದೆ? ತುದಿಗೆ ಚುಚ್ಚಬೇಡಿ, ಪಕ್ಕಕ್ಕೆ ಚುಚ್ಚಿ. ನೋವು ಕಮ್ಮಿ.

ಜೋಳದ ರೊಟ್ಟಿ · ಭಾನುವಾರ 7:02

ಹಂಗಾರ ಬೆಣ್ಣಿದೋಸಿ ಬಿಟ್ಟಂಗಾತೇನ್ರೀ?

ದಾವಣಗೆರೆ ಖಾಲಿದೋಸೆ · ಭಾನುವಾರ 7:20

ದಾವಣಗೆರೆಯಲ್ಲಿದ್ದು ಬಿಡುವುದಾ? ತಿಂಗಳಿಗೆ ಎರಡು ಭಾನುವಾರ, ಒಂದೇ ದೋಸೆ, ಪಲ್ಯ ಬೇಡ. ಆವತ್ತು ಮಧ್ಯಾಹ್ನದ ಊಟ ಮೂರು ಗಂಟೆಗೆ, ಅನ್ನ ಅರ್ಧ.

ಇವತ್ತು ಹೋಟೆಲಲ್ಲಿ "ಬೆಣ್ಣೆ ಸ್ವಲ್ಪ ಕಮ್ಮಿ ಹಾಕಪ್ಪ" ಅಂದೆ. ಕಾವಲಿ ಮುಂದೆ ನಿಂತಿದ್ದ ಹುಡುಗ ನನ್ನ ಮುಖ ನೋಡಿ, "ಯಾವ ಊರು ಸರ್ ನಿಮ್ಮದು?" ಅಂದ.